ಹೆಣದ ಹಲಗೆಯ ಮೇಲೆ ಮಲಗಿದ ತೂದಾ

ನಮ್ಮ ತಮ್ದಾ ಊರಿನಲ್ಲಿ ಸತ್ತವರನ್ನು ಹೊರುವುದಕ್ಕೆ ಇದ್ದದ್ದು ಒಂದೇ ಹಲಗೆ. ದೇವದಾರು ಮರದ್ದು, ನಾಲ್ಕು ಮೂಲೆಗೆ ನಾಲ್ಕು ಹಿಡಿಕೆ. ಮಸೀದಿಯ ಹಿಂಗೋಡೆಗೆ ಒರಗಿಸಿಟ್ಟಿರುತ್ತಿದ್ದರು. ಹೆರಿಗೆ ಕಷ್ಟವಾದ ಹೆಂಗಸನ್ನು ಬೆಟ್ಟದಿಂದ ಕೆಳಗಿನ ರಸ್ತೆಗೆ ಇಳಿಸುವುದಕ್ಕೂ ಅದೇ ಹಲಗೆ. ಹೇಸರಗತ್ತೆಯ ಮೇಲೆ ಕೂರಲಾಗದವಳನ್ನು ಇನ್ನು ಹೇಗೆ ಇಳಿಸುವುದು? ನಮ್ಮ ಗಂಡಸರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ಹೆಂಗಸರಿಗೂ ಕಂಡಿರಲಿಲ್ಲ. ಕಂಡದ್ದು ನನ್ನ ಅತ್ತೆ ತೂದಾಳಿಗೆ, ಅದೂ ಅವಳ ಮಗಳು ಇಜ್ಜಾ ಅದರ ಮೇಲೆ ಹೋದ ಮೇಲೆ.

ಇಜ್ಜಾಳನ್ನು ನಾನು ನೋಡಿದವಳಲ್ಲ. ನಾನು ಈ ಮನೆಗೆ ಸೊಸೆಯಾಗಿ ಬರುವ ಮುಂಚಿನ ಮಾತು. ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತಂತೆ. ಸೂಲಗಿತ್ತಿ ಎಣ್ಣೆ ಹಚ್ಚಿ ನೀವಿ ಸೋತು ಕೈ ಚೆಲ್ಲಿದ ಮೇಲೆ ಗಂಡಸರು ಹಲಗೆ ತಂದರು. ಹಳ್ಳದ ಪಕ್ಕದ ಅಕ್ರೋಟು ಮರದ ಹತ್ತಿರ ಬರುವಾಗ ಇಜ್ಜಾಳ ಕೂಗು ನಿಂತಿತು. ಹೊತ್ತವರು ಹಲಗೆ ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮತ್ತೆ ಎತ್ತಿಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದರು. ಅತ್ತೆ ಅದನ್ನು ಹೇಳುವಾಗ ಅಳುತ್ತಿರಲಿಲ್ಲ. "ಅನುಕೂಲವೇ ಆಯ್ತಲ್ಲ, ಹಲಗೆ ಬದಲಾಯಿಸೋ ಕೆಲಸ ಉಳೀತು" ಅನ್ನುತ್ತಿದ್ದಳು. ಕೇಳಿದವರು ಚಹಾದ ಲೋಟ ಕೆಳಗಿಡುತ್ತಿದ್ದರು.

ಅತ್ತೆ ಕುಳ್ಳಿ. ಆದರೆ ಗಂಟಲು ಇಡೀ ಕಣಿವೆಗೆ ಸಾಕಾಗುವಷ್ಟು. ಮದುವೆಗಳಲ್ಲಿ ಹಾಡಿಗೆ ಮೊದಲ ದನಿ ಎತ್ತುವವಳು ಅವಳೇ. ನನ್ನ ಮೇಲೆ ಅವಳಿಗೆ ಅಂಥ ಅಕ್ಕರೆಯೇನೂ ಇರಲಿಲ್ಲ. ನಾನು ಮೊದಲ ಸಲ ಬೇಯಿಸಿದ ಬಾರ್ಲಿ ರೊಟ್ಟಿಯನ್ನು ಕೈಯಲ್ಲಿ ತೂಗಿ ನೋಡಿ, "ಬಿಸಾಡ್ಬೇಡಿ, ನರಿ ಬಂದಾಗ ಹೊಡಿಯೋಕೆ ಆಗುತ್ತೆ" ಅಂದಿದ್ದಳು. ನನ್ನ ಗಂಡ ಜೈದ್ ಅವಳ ಒಬ್ಬನೇ ಮಗ. ತಾಯಿ ಮಾತಾಡುವಾಗ ನೆಲ ನೋಡುವ ಸ್ವಭಾವದವನು, ಹೆಂಡತಿ ಮಾತಾಡುವಾಗಲೂ ನೆಲವನ್ನೇ ನೋಡುತ್ತಿದ್ದ.

ನಾನು ಬಸುರಿಯಾದ ಸುದ್ದಿ ತಿಳಿದ ದಿನವೇ ಅತ್ತೆ ನನ್ನ ಬೆನ್ನಿನಿಂದ ಸೌದೆ ಹೊರೆ ಬಿಚ್ಚಿ ತಾನು ಕಟ್ಟಿಕೊಂಡಳು. ನಮ್ಮ ಕಡೆ ದಿನ ತುಂಬಿದವಳೂ ಕಾಡಿಗೆ ಹೋಗಿ ಸೌದೆ ತರುತ್ತಾಳೆ. ಹಾಗಾಗಿ ಬಾವಿಕಟ್ಟೆಯಲ್ಲಿ ಮಾತು ಹುಟ್ಟಿತು: "ನೋಡ್ರೇ, ಅತ್ತೆ ಸೌದೆ ಹೊರ್ತಾಳೆ, ಸೊಸೆ ಬಿಸಿಲು ಕಾಯ್ತಾಳೆ."

ಅತ್ತೆ ಕೊಡ ಕೆಳಗಿಟ್ಟು ಹೇಳಿದಳು. "ಅವಳ ಹೊಟ್ಟೇಲಿ ಒಂದು ಹೊರೆ ಇದೆ. ಎರಡನೇದು ಹೊರಿಸ್ಲೇಬೇಕು ಅಂದ್ರೆ ನಿಮ್ಮ ಗಂಡಂದಿರ ಬೆನ್ನು ಖಾಲಿ ಇದೆಯಲ್ಲ, ಅಲ್ಲಿ ಹೊರ್ಸಿ."

ಬೇಸಿಗೆ ಮುಗಿಯುತ್ತಾ ಬಂದಾಗ ಮೋಹಾ ನಮ್ಮ ಮನೆಗೆ ಚಹಾಕ್ಕೆ ಬಂದ. ಮಸೀದಿಯ ಕೀಲಿಕೈ ಇಟ್ಟುಕೊಂಡಿದ್ದ ಹಿರಿಯ ಅವನು, ಕೆಟ್ಟವನೇನಲ್ಲ. ಸಕ್ಕರೆ ಗಡ್ಡೆ ಬಾಯಲ್ಲಿಟ್ಟುಕೊಂಡು ಹೇಳಿದ, "ತೂದಾ, ಯೋಚನೆ ಮಾಡ್ಬೇಡ ತಂಗೀ. ಹಲಗೆಗೆ ಹೊಸ ಹಗ್ಗ ಹಾಕ್ಸಿದೀನಿ. ನಿನ್ನ ಸೊಸೆಗೆ ಹೆಚ್ಚುಕಡಿಮೆ ಏನಾದ್ರೂ ಆದ್ರೆ, ಎಲ್ಲ ತಯಾರಿದೆ."

ಅತ್ತೆ ಅವನ ಲೋಟಕ್ಕೆ ಇನ್ನೊಂದು ಸಲ ಚಹಾ ಸುರಿದಳು. ತುಂಬಿ ಚೆಲ್ಲಿದರೂ ಸುರಿಯುತ್ತಲೇ ಇದ್ದಳು. ಮೋಹಾ ತೊಡೆ ಸುಟ್ಟುಕೊಂಡು ಎದ್ದು ಹೋದ.

ಸಂತೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನಮ್ಮ ಹೇಸರಗತ್ತೆಯ ಬೆನ್ನಿಗೆ ಆ ಹಲಗೆಯನ್ನು ಕಟ್ಟಿದ್ದಾಳೆ.

"ಅವ್ವಾ, ಅದು ಮಸೀದಿ ಹಲಗೆ" ಅಂದ ಜೈದ್.

"ಗೊತ್ತು. ಅದಕ್ಕೇ ಒಯ್ತಿರೋದು."

"ಮೋಹಾ ಕೇಳಿದ್ರೆ ಏನು ಹೇಳ್ಲಿ?"

"ಬಂದು ನನ್ನನ್ನೇ ಕೇಳಲಿ ಅನ್ನು." ನನ್ನ ಕಡೆ ತಿರುಗಿ, "ಹೆನ್ನೂ, ಕಂಬಳಿ ತಗೋ, ನಡಿ" ಅಂದಳು. ಎಲ್ಲಿಗೆ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಕೆಳಗಿನ ಸಂತೆಯೂರಿನಲ್ಲಿ ಕಣಿವೆಯ ಅಧಿಕಾರಿ, ಕಾಯಿದ ಸಾಹೇಬನ ಕಚೇರಿ ಇದೆ, ಅಂದರೆ ನಮ್ಮ ಕಣಿವೆಯ ಮಟ್ಟಿಗೆ ಸರ್ಕಾರವೆಲ್ಲ ಅಲ್ಲೇ ಇದೆ. ಅದರ ಎದುರಿಗೇ ಬಿಳಿ ಗೋಡೆ, ಹಸಿರು ಬಾಗಿಲಿನ ಹೆರಿಗೆ ಮನೆ. ಅದನ್ನು ಕಟ್ಟಿಸಿ, ದೊಡ್ಡ ಮನುಷ್ಯರು ಬಂದು ಹಾಲು ಕುಡಿದು, ಖರ್ಜೂರ ತಿಂದು, ರಿಬ್ಬನ್ ಕತ್ತರಿಸಿ ಹೋದ ಮೇಲೆ ಬೀಗ ಹಾಕಿದ್ದರು. ನರ್ಸು ಬಂದಿರಲೇ ಇಲ್ಲ. ಕಾವಲುಗಾರ ಒಳಗೆ ಹುಲ್ಲು ಪೇರಿಸಿ ಕೋಳಿ ಸಾಕಿದ್ದ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ, ಯಾರೂ ಬಾಯಿ ಬಿಟ್ಟಿರಲಿಲ್ಲ ಅಷ್ಟೆ.

ಅತ್ತೆ ಆ ಬಾಗಿಲ ಮುಂದೆ ಹಲಗೆ ಇಳಿಸಿದಳು. ಚಪ್ಪಲಿ ಬಿಟ್ಟು, ಅದರ ಮೇಲೆ ಅಂಗಾತ ಮಲಗಿ, ಕಂಬಳಿಯನ್ನು ಗದ್ದದ ತನಕ ಹೊದ್ದುಕೊಂಡಳು. ನನ್ನನ್ನು ತಲೆಯ ಹತ್ತಿರ ಕೂರಿಸಿದಳು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಸಂತೆಗೆ ಬಂದವರೆಲ್ಲ ಮುತ್ತಿಕೊಂಡರು. ಕುರಿ ಹಿಡಿದುಕೊಂಡಿದ್ದ ಒಬ್ಬ ಮುದುಕ ಮೆಲ್ಲಗೆ ನನ್ನನ್ನು ಕೇಳಿದ, "ಯಾರಮ್ಮಾ ತೀರ್ಕೊಂಡಿದ್ದು?"

"ನಾನೇ" ಅಂದಳು ಅತ್ತೆ ಕಣ್ಣು ತೆರೆದು. ಮುದುಕ ಕುರಿಯ ಹಗ್ಗ ಬಿಟ್ಟೇ ಬಿಟ್ಟ. "ಇನ್ನೂ ಪೂರ್ತಿ ಸತ್ತಿಲ್ಲ. ನಮ್ಮೂರಲ್ಲಿ ಹೆಂಗಸರು ಸಾಯೋಕೆ ಮುಂಚೇನೇ ಇದರ ಮೇಲೆ ಮಲಗ್ತಾರೆ. ಈ ಬಾಗಿಲು ತೆಗೀಲಿ, ಏಳ್ತೀನಿ."

ಗದ್ದಲ ಕೇಳಿ ಕಾಯಿದ ಸಾಹೇಬ ಹೊರಗೆ ಬಂದ. ಬಯಲುಸೀಮೆಯಿಂದ ಬಂದ ಹುಡುಗು ವಯಸ್ಸಿನ ಅಧಿಕಾರಿ. ಬೂಟು ಯಾವಾಗಲೂ ಮಿರಿಮಿರಿ ಮಿಂಚುತ್ತಿತ್ತು.

"ಏನಮ್ಮಾ ಇದು ನಾಟಕ?"

"ನಾಟಕ ಒಳಗಿದೆ ಸಾಹೇಬ್ರೇ. ಬಾಗಿಲು ತೆಗೀರಿ, ಎಲ್ಲರೂ ನೋಡೋಣ. ಹೆರಿಗೆ ಮನೇಲಿ ಕೋಳಿಗಳು ಮೊಟ್ಟೆ ಇಡ್ತಾ ಇವೆಯಂತೆ. ಸುಖವಾಗಿ ಆಗ್ತಿದೆಯಂತಾ ಅವಕ್ಕೆ? ನಾವೂ ಮುಂದಿನ ಜನ್ಮ ಇದ್ರೆ ಕೋಳಿಯಾಗಿ ಹುಟ್ಟಿಸಪ್ಪಾ ಅಂತ ಕೇಳ್ಕೋಬೇಕು."

ಜನ ನಕ್ಕರು. ಸಾಹೇಬನ ಕಿವಿ ಕೆಂಪಾಯಿತು. "ನರ್ಸ್ ಇಲ್ಲಮ್ಮ. ಪಟ್ಟಣದಿಂದ ಯಾರೂ ಈ ಬೆಟ್ಟಕ್ಕೆ ಬರೋಕೆ ಒಪ್ಪಲ್ಲ. ನಾನೇನು ಮಾಡ್ಲಿ?"

"ನೀವು ಬಂದ್ರಲ್ಲ? ನಿಮ್ಮನ್ನ ಹ್ಯಾಗೆ ಒಪ್ಸಿದ್ರು? ಹಾಗೇ ಒಬ್ಬ ನರ್ಸನ್ನೂ ಒಪ್ಸಿ."

"ಪೊಲೀಸರನ್ನ ಕರೆಸ್ಬೇಕಾಗುತ್ತೆ."

"ಕರೆಸಿ. ಹಲಗೆಗೆ ನಾಲ್ಕು ಹಿಡಿಕೆ ಇದೆ, ನಾಲ್ಕು ಜನಾನೇ ಬರ್ಲಿ. ಹೊತ್ಕೊಂಡು ಎಲ್ಲಿಗೆ ಹೋಗ್ಬೇಕು ಅನ್ನೋದನ್ನೂ ಹೇಳಿ ಕಳ್ಸಿ. ಆಸ್ಪತ್ರೆಗಾ, ಗೋರಿಗಾ?"

ಸಾಹೇಬ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಷ್ಟು ಹೊತ್ತಿಗೆ ಆಚೆ ಊರಿನ ಬಸುರಿಯೊಬ್ಬಳು, ನನಗೆ ಗುರುತೂ ಇಲ್ಲದವಳು, ಕ್ಯಾರೆಟ್ ಚೀಲ ಇಳಿಸಿ ನನ್ನ ಪಕ್ಕ ಕೂತಳು. ಆಮೇಲೆ ಇನ್ನೊಬ್ಬಳು. ಸಂಜೆ ಸಂತೆ ಕರಗಿದಾಗ ಗೋಡೆಯುದ್ದಕ್ಕೂ ಬಸುರಿಯರೇ ಕಾಲು ಚಾಚಿ ಕೂತಿದ್ದರು, ಬಿಸಿಲಿಗೆ ಒಣಹಾಕಿದ ಕುಂಬಳಕಾಯಿಗಳ ಹಾಗೆ.

ಅತ್ತೆ ಹಗಲು ಮಾತ್ರ ಹೆಣ. ಕತ್ತಲಾದ ಮೇಲೆ ಹಲಗೆಯನ್ನು ಬಾಗಿಲಿಗೆ ಅಡ್ಡ ಇಟ್ಟು, ಪಕ್ಕದ ರೊಟ್ಟಿ ಒಲೆಯವಳ ಮನೆಗೆ ಬಂದು ಚೆನ್ನಾಗಿ ಉಂಡು ಮಲಗುತ್ತಿದ್ದಳು. ಬೆಳಿಗ್ಗೆ ಮತ್ತೆ ಹೋಗಿ ಕಂಬಳಿ ಹೊದೆಯುತ್ತಿದ್ದಳು. ನಡುವೆ ಮೋಹಾ ಕೋಪದಿಂದ ಕುದಿಯುತ್ತಾ ಇಳಿದು ಬಂದ. "ಪಾಪ ಕಣೇ ಇದು! ಸತ್ತವರ ಹಲಗೆ ಮೇಲೆ ಬದುಕಿರೋಳು ಮಲಗೋದು ಮಹಾಪಾಪ!"

"ನನ್ನ ಇಜ್ಜಾನ ಮಲಗಿಸ್ದಾಗ ಬದುಕಿದ್ಲಲ್ಲಪ್ಪಾ. ಆವತ್ತು ಪಾಪ ಎಲ್ಲಿಗೆ ಹೋಗಿತ್ತು, ಮೇಯೋಕಾ?"

ಮೋಹಾ ಬಂದ ದಾರಿಯತ್ತ ತಿರುಗಿದ. ಜೈದ್ ಅವನ ಹಿಂದೆ ನಿಂತಿದ್ದ. ಮೋಹಾ ಹೊರಟ ಮೇಲೂ ಅವನು ಹೋಗಲಿಲ್ಲ. ಮಡಿಲಲ್ಲಿ ಕಟ್ಟಿ ತಂದಿದ್ದ ಬೇಯಿಸಿದ ಮೊಟ್ಟೆಗಳನ್ನು ನನ್ನ ಕೈಗೆ ಕೊಟ್ಟು, ಗೋಡೆಗೆ ಒರಗಿ ಬಸುರಿಯರ ಸಾಲಿನ ಕೊನೆಯಲ್ಲಿ ಕೂತುಬಿಟ್ಟ. ಇಡೀ ಕಣಿವೆಯಲ್ಲಿ ಹಾಗೆ ಕೂತ ಗಂಡಸು ಅವನೊಬ್ಬನೇ. ದಾರಿಯಲ್ಲಿ ಹೋಗುವವರು "ನಿಂಗೆಷ್ಟು ತಿಂಗಳಪ್ಪಾ?" ಅಂತ ಕೇಳುತ್ತಿದ್ದರು. ಅವನು ನೆಲ ನೋಡುತ್ತಿದ್ದ, ಆದರೆ ಏಳಲಿಲ್ಲ. ಅವತ್ತು ನನಗೆ ಅವನ ಮೇಲೆ ಹುಟ್ಟಿದ ಪ್ರೀತಿ ಮದುವೆಯ ದಿನವೂ ಹುಟ್ಟಿರಲಿಲ್ಲ.

ಹೀಗಿರುವಾಗ ನಮ್ಮೂರಲ್ಲಿ ಮುದುಕ ಹಮ್ಮೂ ತೀರಿಕೊಂಡ.

ಗಂಡಸರು ಗುಂಪಾಗಿ ಇಳಿದು ಬಂದರು. ಮೋಹಾ ಈ ಸಲ ಕೂಗಾಡಲಿಲ್ಲ. "ತೂದಾ, ಹಮ್ಮೂ ಹೋದ. ಇವತ್ತೇ ಮಣ್ಣಾಗ್ಬೇಕು. ಈಗ ಹಲಗೆ ಕೊಡ್ಲೇಬೇಕು" ಅಂದ.

ಅತ್ತೆ ಎದ್ದು ಕೂತಳು. ಸತ್ತವನ ಮುಂದೆ ಹಟ ಹಿಡಿಯುವ ಹೆಂಗಸಲ್ಲ ಅವಳು. ಕಂಬಳಿ ಮಡಿಸತೊಡಗಿದಳು. ಮಡಿಕೆ ಸರಿಬಾರದೆ ಮತ್ತೆ ಬಿಚ್ಚಿದಳು. ಈ ಹಲಗೆ ಬೆಟ್ಟ ಹತ್ತಿದರೆ ಮತ್ತೆ ಇಳಿಯುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು, ಕಿಟಕಿಯಿಂದ ನೋಡುತ್ತಿದ್ದ ಕಾಯಿದನಿಗೂ ಗೊತ್ತಿತ್ತು.

ಆಗ ಗಂಡಸರ ಹಿಂದಿನಿಂದ ಬಿಳಿ ಬಟ್ಟೆಯ ಮುದುಕಿಯೊಬ್ಬಳು ಮುಂದೆ ಬಂದಳು. ಹಮ್ಮೂನ ಹೆಂಡತಿ ಯಾಮ್ನಾ. ಗಂಡನ ಹೆಣ ಮನೆಯಲ್ಲಿರುವಾಗ ಹೆಂಡತಿ ಹೊಸ್ತಿಲು ದಾಟುವುದಿಲ್ಲ. ಅವಳು ಕತ್ತೆ ಏರಿ ಬೆಟ್ಟವನ್ನೇ ಇಳಿದು ಬಂದಿದ್ದಳು.

"ಮಡಿಸ್ಬೇಡ ತೂದಾ. ಮಲ್ಕೋ" ಅಂದಳು.

"ಯಾಮ್ನಾ, ನಿನ್ನ ಗಂಡ—"

"ನನ್ನ ಗಂಡ ಸತ್ತಿದಾನೆ. ಅವನಿಗಿನ್ನು ಯಾವ ಅವಸರಾನೂ ಇಲ್ಲ. ಅವಸರ ಇರೋದು ಇವಳಿಗೆ." ಕೋಲು ಎತ್ತಿ ನನ್ನ ಹೊಟ್ಟೆ ತೋರಿಸಿದಳು. ಆಮೇಲೆ ಗಂಡಸರ ಕಡೆ ತಿರುಗಿ, "ನಮ್ಮನೆ ಬಾಗಿಲು ಕೀಳ್ರೋ. ಜೀವಮಾನವೆಲ್ಲ ಅದೇ ಬಾಗಿಲಲ್ಲಿ ಓಡಾಡಿದ, ಇವತ್ತು ಅದರ ಮೇಲೇ ಹೋಗ್ಲಿ. ನನ್ನ ಚಿಕ್ಕ ಸೊಸೇನ ಇದೇ ಹಲಗೆ ಮೇಲೆ ಹೊತ್ರಿ ನೀವು. ಅವಳು ಎಷ್ಟು ಬಿಗಿಯಾಗಿ ಹಿಡ್ಕೊಂಡಿದ್ಲು ಅಂದ್ರೆ, ಉಗುರಿನ ಗೀರು ಇನ್ನೂ ಇದೆ ನೋಡಿ ಅಲ್ಲಿ. ಆವತ್ತು ನಾನು ಬಾಯಿ ಮುಚ್ಕೊಂಡಿದ್ದೆ."

ಗಂಡಸರು ನೋಡಿದರು. ಹಿಡಿಕೆಯ ಹತ್ತಿರ ಗೀರುಗಳಿದ್ದವು. ಮೋಹಾ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ಬನ್ರಪ್ಪಾ, ಬಾಗಿಲು ಕೀಳೋಣ" ಅಂದ.

ಹಮ್ಮೂನನ್ನು ಅವನ ಮನೆಯ ಬಾಗಿಲ ಮೇಲೆ ಹೊತ್ತು ಮಣ್ಣು ಮಾಡಿದರು. ಮುಂದಿನ ಸಂತೆಯಲ್ಲಿ ಬೇರೆ ಮಾತೇ ಇಲ್ಲ. ತಮ್ದಾದವರ ಹೆಣ ಬಾಗಿಲ ಮೇಲೆ ಹೋಯಿತಂತೆ, ಹೆಣದ ಹಲಗೆ ಸರ್ಕಾರದ ಹೊಸ್ತಿಲಲ್ಲಿದೆಯಂತೆ. ಬಾಗಿಲಿಲ್ಲದ ಮನೆಯಲ್ಲಿ ಯಾಮ್ನಾ ಕಂಬಳಿ ಇಳಿಬಿಟ್ಟುಕೊಂಡು ಕೂತಿದ್ದಾಳಂತೆ. ಬೇರೆ ಊರುಗಳ ಗಂಡಸರೂ ಬಂದು ಕಚೇರಿಯ ಮುಂದೆ ಸುಮ್ಮನೆ ನಿಲ್ಲತೊಡಗಿದರು. ಬೈಗುಳಕ್ಕೆ ಬಗ್ಗದ ಕಾಯಿದ ಆ ಮೌನಕ್ಕೆ ಬಗ್ಗಿದ. ಟೆಲಿಫೋನಿನಲ್ಲಿ ಅವನು ದೊಡ್ಡ ಕಚೇರಿಯವರಿಗೆ ಕೂಗಿ ಹೇಳುತ್ತಿದ್ದದ್ದು ನಮಗೆಲ್ಲ ಕೇಳಿಸಿತು: "ಇಲ್ಲ ಸಾರ್, ಅವಳು ಏಳಲ್ಲ ಸಾರ್. ನಾನು ನೋಡಿದೀನಿ, ಏಳಲ್ಲ."

ಮೊದಲು ಕೋಳಿಗಳು ಹೊರಬಂದವು, ಆಮೇಲೆ ಹುಲ್ಲು. ನಾವು ಹೆಂಗಸರು ಬಿಸಿನೀರು, ಬೂದಿ, ಸೋಪು ಹಾಕಿ ನೆಲ ಉಜ್ಜಿದೆವು. ಹೊಸ ಮಂಚದ ಸಂದಿಯಲ್ಲೆಲ್ಲ ಪುಕ್ಕ. ಆಮೇಲೆ ಸಮುದ್ರದ ಕಡೆಯ ಪಟ್ಟಣದಿಂದ ನಜಾತ್ ಬಂದಳು. ಎಳೆ ವಯಸ್ಸಿನ ನರ್ಸು, ತೆಳುವಾದ ಬೂಟು, ಚಳಿಗೆ ನೀಲಿಯಾದ ತುಟಿ. ಕೋಣೆ ನೋಡಿ ಪೆಟ್ಟಿಗೆಯ ಮೇಲೆ ಕೂತು ಅತ್ತಳು.

ಅತ್ತೆ ಸೌದೆಯ ಹೊರೆ ಅವಳ ಬಾಗಿಲಲ್ಲಿ ಇಳಿಸಿ, "ಅಳ್ತೀಯಾ? ಅಳು ಮಗಳೇ, ಎಷ್ಟು ಬೇಕಾದ್ರೂ ಅಳು. ಹೋಗ್ಬೇಡ ಅಷ್ಟೆ" ಅಂದಳು. ಹಲಗೆಯನ್ನು ಜೈದ್ ಹೊತ್ತು ಒಯ್ದು ಮಸೀದಿಗೆ ಒಪ್ಪಿಸಿದ. ಇನ್ನು ಮೇಲೆ ಅದು ಸತ್ತವರಿಗೆ ಮಾತ್ರ ಅಂತ ಊರಿನವರೆಲ್ಲ ಸೇರಿ ಮಾತು ಮಾಡಿಕೊಂಡರು. ಬಸುರಿಯರನ್ನು ಹೊರಲು ಹಗ್ಗದ ಮಂಚವೊಂದನ್ನು ಮೋಹಾನೇ ಹೆಣೆಸಿದ.

ನಜಾತ್ ನನ್ನನ್ನು ಮೊದಲ ಸಲ ಪರೀಕ್ಷೆ ಮಾಡಿದ ದಿನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ನೋಡಿದಳು. ಮತ್ತೆ ತುಂಬಿದಳು. ನನ್ನ ಪಾದ ಒತ್ತಿದಾಗ ಬೆರಳಿನ ಗುಳಿ ಹಾಗೇ ಉಳಿಯಿತು.

"ತಲೆನೋವು ಇದೆಯಾ?"

ಇತ್ತು. ಸೋಮಾರಿ ಅಂತ ಅತ್ತೆ ಹಂಗಿಸುತ್ತಾಳೆಂದು ಹೇಳಿರಲಿಲ್ಲ.

"ಕಣ್ಣ ಮುಂದೆ ಮಿಣುಕು ಮಿಣುಕು?"

ಅದೂ ಇತ್ತು. ಮೂತ್ರ ಪರೀಕ್ಷೆ ಮಾಡಿ ಬಂದು ನಜಾತ್ ಅತ್ತೆಯನ್ನು ಹತ್ತಿರ ಕರೆದಳು. "ಅಮ್ಮಾ, ಇವಳಿಗೆ ಬಿಪಿ ವಿಪರೀತ ಏರಿದೆ. ನಂಜು. ಇನ್ನು ಫಿಟ್ಸ್ ಬರಬಹುದು, ಬಂದ್ರೆ ತಾಯಿ ಮಗು ಎರಡೂ ಜೀವಕ್ಕೆ ಅಪಾಯ. ಈಗ ಇಂಜೆಕ್ಷನ್ ಕೊಡ್ತೀನಿ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗ್ಲೇಬೇಕು."

"ಇಷ್ಟೆಲ್ಲ ಮಾಡಿ ತೆಗೆಸಿದ ಬಾಗಿಲು" ಅಂದಳು ಅತ್ತೆ. "ಇಲ್ಲೇ ಆಗಲ್ವಾ?"

"ಆಗಲ್ಲ. ಇಲ್ಲಿ ಇಟ್ಕೊಂಡ್ರೆ ನಾನೇ ಕೊಂದ ಹಾಗೆ." ನಜಾತಳ ದನಿಯಲ್ಲಿ ಅಳು ಇರಲಿಲ್ಲ.

ಅತ್ತೆ ಅವಳನ್ನು ಒಂದು ಕ್ಷಣ ನೋಡಿದಳು. ತನ್ನಂಥವಳು ಇನ್ನೊಬ್ಬಳು ಸಿಕ್ಕಳು ಅನ್ನಿಸಿರಬೇಕು. "ಸರಿ. ಗಾಡಿ ಎಲ್ಲಿ?"

ಗಾಡಿ ಇರಲಿಲ್ಲ. ಕಣಿವೆಗೆಲ್ಲ ಇದ್ದದ್ದು ಒಂದೇ ಆಂಬುಲೆನ್ಸು, ಪಂಚಾಯಿತಿಯ ಸುಪರ್ದಿಯಲ್ಲಿ; ಪಂಚಾಯಿತಿ ಅಧ್ಯಕ್ಷ ಅದರಲ್ಲಿ ನೆಂಟರನ್ನು ತುಂಬಿಕೊಂಡು ಮದುವೆಗೆ ಹೋಗಿದ್ದ. ಅತ್ತೆ ನನ್ನ ಕೈ ಹಿಡಿದು ನೇರ ಕಾಯಿದನ ಕೋಣೆಗೇ ನುಗ್ಗಿದಳು.

"ಸಾಹೇಬ್ರೇ, ನಿಮ್ಮ ಜೀಪು ಬೇಕು."

"ಅದು ಸರ್ಕಾರಿ ಕೆಲಸಕ್ಕಮ್ಮಾ."

"ಇದು ಸರ್ಕಾರಿ ಕೆಲಸ ಅಲ್ಲದೆ ಇನ್ನೇನು? ನಾನು ಮತ್ತೆ ಮಲಗ್ಲಾ? ಈ ಸಲ ನಿಮ್ಮ ಮೇಜಿನ ಮೇಲೆ."

ಅವನು ಬೈಯಲು ಬಾಯಿ ತೆರೆದ. ಆಗ ಅವಳ ಹಿಂದೆ ನಿಂತಿದ್ದ ನನ್ನ ಮುಖ ಕಾಣಿಸಿತೇನೋ. ಊದಿಕೊಂಡು ಕಣ್ಣು ಮುಚ್ಚಿಹೋಗಿದ್ದ ಮುಖ. ಬಾಯಿ ಮುಚ್ಚಿದ. ಮೊಳೆಯಿಂದ ಕೀ ತೆಗೆದು, "ಡ್ರೈವರ್ ಊಟಕ್ಕೆ ಹೋಗಿದಾನೆ, ನಾನೇ ಓಡಿಸ್ತೀನಿ" ಅಂದ. ದಾರಿಯುದ್ದಕ್ಕೂ ನಜಾತ್ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಮಾತಾಡಿಸುತ್ತಲೇ ಇದ್ದಳು. ಅತ್ತೆ ಮುಂದಿನ ಸೀಟಿನಲ್ಲಿ ಕೂತು "ಇನ್ನೂ ಜೋರಾಗಿ, ನನ್ನ ಹೇಸರಗತ್ತೆ ಇದಕ್ಕಿಂತ ಬೇಗ ಹೋಗುತ್ತೆ" ಅಂತ ಸಾಹೇಬನನ್ನು ಜಾಡಿಸುತ್ತಿದ್ದಳು.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಸೂಜಿ, ಡ್ರಿಪ್ಪು ಹಾಕಿ ನೋವು ಬರಿಸಿದಳು. ಅತ್ತೆಯನ್ನು ಕಾವಲಿನವನು ಒಳಗೆ ಬಿಡಲಿಲ್ಲ. ಹೆರಿಗೆ ಕೋಣೆಯಲ್ಲಿ ನಾವು ಹಲವರಿದ್ದೆವು. ಯಾರು ಕೂಗಿದರೂ ಅಲ್ಲಿನ ಆಯಾ "ಬಾಯ್ ಮುಚ್ಚೇ, ನಿನಗೊಬ್ಬಳಿಗೇನಾ ಹೆರಿಗೆ!" ಅಂತ ಗದರುತ್ತಿದ್ದಳು. ನಾನು ಸೆರಗು ಕಚ್ಚಿಕೊಂಡು ಸಹಿಸುತ್ತಿದ್ದೆ. ಆಗ ಕಿಟಕಿಯ ಆಚೆಯಿಂದ, ಅಂಗಳದಿಂದ, ಮದುವೆಯಲ್ಲಿ ಮೊದಲ ದನಿ ಎತ್ತುವ ಆ ಗಂಟಲು ಕೇಳಿಸಿತು.

"ಹೆನ್ನೂ! ಯಾಕೆ ನಿನ್ನ ಸದ್ದಿಲ್ಲ? ಕೂಗೇ! ಬೆಟ್ಟದೋಳು ನೀನು, ಬೆಟ್ಟಕ್ಕೆ ಕೇಳೋ ಹಾಗೆ ಕೂಗು! ಯಾವಳು ಬೇಡ ಅಂತಾಳೋ ಅವಳ ಹೆಸರು ಹೇಳು, ಇಲ್ಲಿಂದಲೇ ವಿಚಾರಿಸ್ಕೋತೀನಿ!"

ನಾನು ಕೂಗಿದೆ. ಪಕ್ಕದ ಮಂಚದವಳೂ ಕೂಗಿದಳು. ಅವಳ ಪಕ್ಕದವಳೂ. ಕೋಣೆಯೇ ಕೂಗಿತು. ಡಾಕ್ಟರಮ್ಮ ಬಾಗಿಲಲ್ಲಿ ನಿಂತು, "ಆ ಹೆಂಗಸು ಯಾರೇ ಆಗಿರ್ಲಿ, ಒಳಗೆ ಬಿಡ್ರೋ. ಹೊರಗಿದ್ರೆ ಊರೇ ಸೇರುತ್ತೆ" ಅಂದಳು. ನನ್ನ ಮಗಳು ಹುಟ್ಟುವಾಗ ನನ್ನ ತಲೆ ಹಿಡಿದುಕೊಂಡಿದ್ದದ್ದು ಅತ್ತೆಯೇ. ಮೊಲದ ಮರಿಯಷ್ಟಿದ್ದ ಮಗು. ಮುಷ್ಟಿ ಬಿಗಿದು, ಮುಖ ಕೆಂಪಾಗಿಸಿ ಅತ್ತಿತು. ನನಗೆ ಫಿಟ್ಸ್ ಬರಲಿಲ್ಲ. ಕೆಲವು ದಿನ ಔಷಧಿ ಕೊಟ್ಟು ಕಾದು, ಬಿಪಿ ಇಳಿದ ಮೇಲೆ ನಮ್ಮನ್ನು ಮನೆಗೆ ಕಳಿಸಿದರು.

ಇದರ ಮೇಲೆ ಅತ್ತೆ ಮೆತ್ತಗಾದಳು ಅಂದುಕೊಳ್ಳಬೇಡಿ. ಬಾಣಂತಿಗೆ ಬೆಣ್ಣೆ ಗಂಜಿ ಕುಡಿಸುವಾಗಲೂ ನನ್ನ ರೊಟ್ಟಿಯನ್ನು ನೆನೆಸಿಕೊಂಡು ಬೈದಳು. ನಾನು ಎದ್ದು ಓಡಾಡುವಂತಾದ ಮೇಲೆ, ಮಗುವನ್ನು ತನ್ನ ಬೆನ್ನಿಗೆ ಕಟ್ಟಿಕೊಂಡು ಸಂತೆಯೂರಿಗೆ ಹೋಗಿ ಪಂಚಾಯಿತಿ ಅಧ್ಯಕ್ಷನನ್ನು ಹಿಡಿದಳು.

"ಮದುವೆ ಚೆನ್ನಾಗಿ ಆಯ್ತಾ ಅಧ್ಯಕ್ಷರೇ?"

"ಯಾವ ಮದುವೆ?"

"ಆಂಬುಲೆನ್ಸ್ ಹೋಗಿತ್ತಲ್ಲ, ಆ ಮದುವೆ."

"ನಿನ್ನ ಸೊಸೆ ಹೆರಿಗೆ ಸುಸೂತ್ರ ಆಯ್ತಲ್ಲಮ್ಮಾ, ಇನ್ನೇನು ಜಗಳ?" ಅಂದ ಅವನು.

"ಅವಳದ್ದಾಯ್ತು. ಹೆರಿಗೆ ಮನೆ ಗೋಡೆಗೆ ಒರಗಿ ಕೂತಿದ್ರಲ್ಲ, ಅವರೆಲ್ಲರದ್ದೂ ಬಾಕಿ ಇದೆ."

ಆ ಜಗಳ ಚಳಿಗಾಲವೆಲ್ಲ ನಡೆಯಿತು. ಹಿಮ ಕರಗುವ ಹೊತ್ತಿಗೆ ಆಂಬುಲೆನ್ಸಿನ ಕೀ ಹೆರಿಗೆ ಮನೆಯ ಗೋಡೆಗೆ, ನಜಾತಳ ಕಣ್ಣ ಮುಂದೆ ಬಂತು. ಅವಳು ಹೇಳದೆ ಗಾಡಿ ಕದಲುವಂತಿಲ್ಲ. ಅಧ್ಯಕ್ಷ ಈಗಲೂ ಅತ್ತೆಯನ್ನು ದೂರದಿಂದ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ಅತ್ತೆಗೆ ಈಗ ಮೊಣಕಾಲು ನೋವು, ಕಣ್ಣೂ ಮಬ್ಬು. ಆದರೂ ಕೋಲೂರಿಕೊಂಡು ಅವಳೂ ಆಚೆ ಬದಿಗೇ ದಾಟುತ್ತಾಳೆ.